ಇಪ್ಪತ್ತು ದಾಟಿದ ಕಾರು: ಶೋಕಿಗೆ ಉಳಿಯುತ್ತಾ, ಗುಜರಿಗೆ ಹೋಗುತ್ತಾ?

ಚಿಕ್ಕಮಗಳೂರು: ಹೋಂಡಾ ಸಿಟಿ ವಿಟೆಕ್, ಫೋರ್ಡ್ ಐಕಾನ್ 1.6, ಫಿಯೆಟ್ ಪಾಲಿಯೋ 1.6, ಮಾರುತಿ ಎಸ್ಟೀಮ್. ಈ ಹೆಸರು ಕೇಳಿದ್ರೆ ಈಗಲೂ ಕಣ್ಣರಳಿಸೋರು ಮಲೆನಾಡಿನಲ್ಲಿ ಕಮ್ಮಿ ಇಲ್ಲ. ಕಾಫಿ ತೋಟದ ಮಣ್ಣಿನ ದಾರಿಯಲ್ಲಿ ರಾಷ್ಟ್ರಮಟ್ಟದ ರ್‍ಯಾಲಿ ನೋಡಿ ಬೆಳೆದ ಊರು ನಮ್ಮದು. ಆ ಕಾಲದಲ್ಲಿ ರ್‍ಯಾಲಿ ಅಂದ್ರೆ ಎಸ್ಟೀಮ್, ಜಿಪ್ಸಿ. ಅವತ್ತು ಬೇಲಿ ಪಕ್ಕ ನಿಂತು ಧೂಳು ಕುಡಿದ ಹುಡುಗರು ಇವತ್ತು ದುಡಿಯೋ ವಯಸ್ಸಿಗೆ ಬಂದಿದ್ದಾರೆ. ಆಗ ಕೈಗೆಟುಕದ ಕಾರನ್ನು ಈಗ ಹುಡುಕಿ ತಂದು ರಿಪೇರಿ ಮಾಡಿಸುವ ಆಸೆ ಅವರದು.

ಆದ್ರೆ ಹಳೇ ಕಾರಿನ ಲೆಕ್ಕ ಕಳೆದ ಕೆಲವು ವರ್ಷಗಳಲ್ಲಿ ಪೂರ್ತಿ ಬದಲಾಗಿದೆ. ಶುಲ್ಕ, ಪೆಟ್ರೋಲ್, ದಿಲ್ಲಿಯ ಕೋರ್ಟ್ ಆದೇಶ ಮೂರೂ ಇದರಲ್ಲಿ ಸೇರಿವೆ. ಇದರ ಬಿಸಿ ಶೋಕಿಯವರಿಗಿಂತ ಮೊದಲು ತಟ್ಟುವುದು ಹಳೇ ಕಾರನ್ನು ದಿನದ ಓಡಾಟಕ್ಕೆ ಇಟ್ಟುಕೊಂಡವರಿಗೆ, ನಂತರ ಬಸ್ ಸ್ಟ್ಯಾಂಡ್ ಹಿಂದಿನ ಗ್ಯಾರೇಜು, ಸ್ಪೇರ್ ಅಂಗಡಿಗಳಿಗೆ.

ಶುಲ್ಕ ಎಷ್ಟು ಏರಿತು?

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಪ್ರತಿ 5 ವರ್ಷಕ್ಕೊಮ್ಮೆ ಗಾಡಿಯನ್ನು ಆರ್‌ಟಿಒ ಕಚೇರಿಗೆ ಒಯ್ದು, ತಪಾಸಣೆ ಮಾಡಿಸಿ, ಆರ್‌ಸಿ ನವೀಕರಿಸಬೇಕು. 2022ರ ಏಪ್ರಿಲ್‌ಗೆ ಮೊದಲು ಕಾರಿಗೆ ಇದರ ಶುಲ್ಕ 600 ರೂಪಾಯಿ ಇತ್ತು. ಆಮೇಲೆ 5,000 ಆಯಿತು. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆ ಪ್ರಕಾರ 20 ವರ್ಷ ದಾಟಿದ ಕಾರಿಗೆ 10,000 ರೂಪಾಯಿ, ಬೈಕಿಗೆ 2,000 ರೂಪಾಯಿ. ವಿದೇಶದಿಂದ ತರಿಸಿದ ಕಾರಾದರೆ 80,000. ಜಿಎಸ್‌ಟಿ ಬೇರೆ, ರಾಜ್ಯದ ಹಸಿರು ತೆರಿಗೆ ಬೇರೆ, ತಡ ಮಾಡಿದ್ರೆ ತಿಂಗಳ ಲೆಕ್ಕದ ದಂಡವೂ ಬೇರೆ.

ಒಂದು ಉದಾಹರಣೆ ನೋಡಿ. 2003ರಲ್ಲಿ ನೋಂದಣಿಯಾದ ಸಿಟಿ ವಿಟೆಕ್ 2018ರಲ್ಲಿ 600 ಕಟ್ಟಿತು, 2023ರಲ್ಲಿ 5,000 ಕಟ್ಟಿತು. 2028ರಲ್ಲಿ ಈಗಿನ ದರವೇ ಇದ್ದರೂ 10,000 ಕಟ್ಟಬೇಕು.

ಶೋಕಿಗೆ ಇಟ್ಟವರಿಗೆ ಇದು ದೊಡ್ಡ ಹೊಡೆತ ಅಲ್ಲ. ಐದು ವರ್ಷಕ್ಕೆ ಹಂಚಿದ್ರೆ ವರ್ಷಕ್ಕೆ 2,000 ರೂಪಾಯಿ. ಒಂದು ಸಲ ಟಿಂಕರಿಂಗ್, ಪೇಂಟಿಂಗ್‌ಗೆ ಕೊಟ್ಟರೆ ಇದರ ಎಷ್ಟೋ ಪಟ್ಟು ಖರ್ಚಾಗುತ್ತೆ. ಆದ್ರೆ ಸಂತೆಗೆ ತರಕಾರಿ ತರೋ, ಮಕ್ಕಳನ್ನು ಶಾಲೆಗೆ ಬಿಡೋ ಹಳೇ ಮಾರುತಿ 800ಕ್ಕೂ ಅಷ್ಟೇ ಶುಲ್ಕ. ಅದರ ಮಾಲೀಕ ಲೆಕ್ಕ ಹಾಕ್ತಾನೆ: ಶುಲ್ಕ 10,000, ಟೈರು, ಬ್ಯಾಟರಿ, ಇನ್ಶೂರೆನ್ಸ್ ಸೇರಿದ್ರೆ ಕಾರಿನ ಬೆಲೆಯ ಹತ್ತಿರ ಬಂತಲ್ಲ! ಇತ್ತ 2025ರ ಸೆಪ್ಟೆಂಬರ್ 22ರಿಂದ ಹೊಸ ಸಣ್ಣ ಕಾರಿನ ಜಿಎಸ್‌ಟಿ 28ರಿಂದ 18 ಶೇಕಡಕ್ಕೆ ಇಳಿದಿದೆ. ಆತ ಹಳೇದನ್ನು ಗುಜರಿಗೆ ಕೊಡೋದು ಸಹಜ.

ಶೋಕಿ ಕಾರು ನಿಂತಿರೋದೇ ಸಾಮಾನ್ಯರ ಕಾರಿನ ಮೇಲೆ

ಇಲ್ಲೇ ಇರೋದು ಅಸಲಿ ವಿಷಯ. ಹಳೇ ವೇಗದ ಕಾರನ್ನು ಜೀವಂತ ಇಡೋದು ಅದರ ಮಾಲೀಕನ ಪ್ರೀತಿ ಒಂದೇ ಅಲ್ಲ. ಅದೇ ಕಂಪನಿಯ ಸಾಮಾನ್ಯ ಕಾರುಗಳು ಊರಲ್ಲಿ ಓಡ್ತಾ ಇದ್ದರೆ ಮಾತ್ರ ಅಂಗಡಿಯಲ್ಲಿ ಬುಷ್, ಬೇರಿಂಗ್, ಬ್ರೇಕ್ ಪ್ಯಾಡ್ ಸ್ಟಾಕ್ ಇರುತ್ತೆ. ಕಾರ್ಬುರೇಟರ್ ಬಿಚ್ಚಿ ಕೂಡಿಸಬಲ್ಲ ಮೇಸ್ತ್ರಿ ಕೈ ಮರೆಯದೆ ಇರ್ತಾನೆ. ಗುಜರಿಯಲ್ಲಿ ಬಾಗಿಲು, ಬಂಪರ್, ಲೈಟು ಸಿಗುತ್ತೆ. ಸಾಮಾನ್ಯ ಕಾರುಗಳು ಒಟ್ಟಿಗೆ ಹೋದ್ರೆ ಒಂದೆರಡು ವರ್ಷ ಹಳೇ ಸ್ಪೇರ್ ಧಾರಾಳ ಸಿಗಬಹುದು. ಆಮೇಲೆ ಬೇಡಿಕೆ ಕಮ್ಮಿ ಅಂತ ಅಂಗಡಿಯವರು ತರಿಸೋದು ನಿಲ್ಲಿಸ್ತಾರೆ.

ಕಂಪನಿಯೇ ಹೊರಟುಹೋದ ಕಾರುಗಳ ಪಾಡು ಇನ್ನೂ ಕಷ್ಟ. ಒಪೆಲ್, ಷೆವರ್ಲೆ ಮಾರುತ್ತಿದ್ದ ಜನರಲ್ ಮೋಟರ್ಸ್ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು. ಫೋರ್ಡ್ 2021ರ ಸೆಪ್ಟೆಂಬರ್‌ನಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಫಿಯೆಟ್ ಕಾರುಗಳೂ ಈಗ ಹೊಸದಾಗಿ ಸಿಗಲ್ಲ. ಐಕಾನ್, ಪಾಲಿಯೋ, ಕೋರ್ಸಾ ತರುವವರು ಕಾರಿನ ಜೊತೆ ಸ್ಪೇರ್ ಹುಡುಕೋ ಕೆಲಸವನ್ನೂ ಮನೆಗೆ ತಂದ ಹಾಗೆ. ಮೊದಲ ಸಲ ಕೈ ಹಾಕುವವರಿಗೆ ಝೆನ್, ಎಸ್ಟೀಮ್ ವಾಸಿ. ಮಾರುತಿ ಎಂಜಿನ್ ಬಿಚ್ಚೋಕೆ ಬರುವವರು ಹೋಬಳಿ ಮಟ್ಟದಲ್ಲೂ ಇದ್ದಾರೆ.

ವ್ಯಾಪಾರಿಗಳಿಗೆ ಇದರಲ್ಲಿ ಒಂದು ಅವಕಾಶವೂ ಇದೆ. ಅದೇ ಸೆಪ್ಟೆಂಬರ್ ಬದಲಾವಣೆಯಲ್ಲಿ ವಾಹನ ಬಿಡಿಭಾಗಗಳಿಗೆಲ್ಲ 18 ಶೇಕಡ ಜಿಎಸ್‌ಟಿ ಆಯಿತು. ಹಳೇ ಮಾಡೆಲ್‌ನ ರಬ್ಬರ್ ಭಾಗ, ಗ್ಯಾಸ್ಕೆಟ್, ಕೇಬಲ್ ಸ್ಟಾಕ್ ಇಟ್ಟುಕೊಂಡ ಅಂಗಡಿಗೆ ಪಕ್ಕದ ಜಿಲ್ಲೆಯಿಂದಲೂ ಗಿರಾಕಿ ಬರ್ತಾರೆ. ರಿಪೇರಿಗೆ ಬಂದ ಗಿರಾಕಿ ಟಿಂಕರಿಂಗ್‌ನವರಿಗೆ, ಲೇತ್‌ನವರಿಗೆ, ಸೀಟು ಹೊಲಿಯೋರಿಗೆ ಕೂಡ ಕೆಲಸ ಕೊಡ್ತಾನೆ.

ದಿಲ್ಲಿಯಿಂದ ಬರುವ ಅಗ್ಗದ ಕಾರು

ದಿಲ್ಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿ ಓಡಿಸಬಾರದು ಎಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತ್ತು. ಸುಪ್ರೀಂ ಕೋರ್ಟ್ 2018ರಲ್ಲಿ ಅದನ್ನು ಎತ್ತಿಹಿಡಿಯಿತು. 2025ರ ಆಗಸ್ಟ್‌ನಲ್ಲಿ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ ಎಂದ ಕೋರ್ಟ್, ಡಿಸೆಂಬರ್‌ನಲ್ಲಿ ಆ ರಕ್ಷಣೆ ಬಿಎಸ್-4 ಮತ್ತು ಅದರ ಮೇಲಿನ ಗಾಡಿಗಳಿಗೆ ಮಾತ್ರ ಎಂದಿತು. ಶೋಕಿಯವರು ಹುಡುಕುವ 2000ದ ದಶಕದ ಕಾರುಗಳು ಬಹುತೇಕ ಬಿಎಸ್-3 ಅಥವಾ ಅದಕ್ಕಿಂತ ಹಳೆಯವು. ಅಲ್ಲಿ ಬೇಡವಾದ ಕಾರು ಅಗ್ಗದ ಬೆಲೆಗೆ ದಕ್ಷಿಣದ ಕಡೆ ಬರುತ್ತೆ.

ಅಗ್ಗ ಅಂತ ಆತುರ ಬೇಡ. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ಇಲ್ಲದಿದ್ದರೆ ಆ ಕಾರು ಇಲ್ಲಿ ನಿಮ್ಮ ಹೆಸರಿಗೆ ಆಗಲ್ಲ. 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಕರ್ನಾಟಕದ ನಂಬರ್ ಮಾಡಿಸಲೇಬೇಕು, ಲೈಫ್ ಟ್ಯಾಕ್ಸ್ ಕಟ್ಟಲೇಬೇಕು. ಕಾರು ಕೊಳ್ಳುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಆ ಮಾಡೆಲ್‌ಗೆ, ಆ ವರ್ಷಕ್ಕೆ ತೆರಿಗೆ ಎಷ್ಟಾಗುತ್ತೆ ಅಂತ ಕೇಳಿ. ಎಷ್ಟೋ ಸಲ ತೆರಿಗೆ ಸೇರಿಸಿದ್ರೆ ನಮ್ಮೂರಲ್ಲೇ ಕೆಎ-18 ನಂಬರಿನ ಕಾರು ತಗೊಳ್ಳೋದೇ ಲಾಭ.

ಪೆಟ್ರೋಲ್‌ನಲ್ಲಿ ಎಥೆನಾಲ್

ಈಗ ಬಂಕ್‌ನಲ್ಲಿ ಸಿಗೋದು 20 ಶೇಕಡ ಎಥೆನಾಲ್ ಬೆರೆತ ಪೆಟ್ರೋಲ್. 2023ರ ಏಪ್ರಿಲ್‌ನಿಂದ ತಯಾರಾದ ಗಾಡಿಗಳ ಭಾಗಗಳು ಇದಕ್ಕೆ ಹೊಂದುವಂತೆ ಇವೆ. ಅದಕ್ಕಿಂತ ಹಳೆಯ ಕೆಲವು ಗಾಡಿಗಳಲ್ಲಿ 20,000ದಿಂದ 30,000 ಕಿಲೋಮೀಟರ್ ಓಡಿದ ಮೇಲೆ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಾಯಿಸಬೇಕಾಗಬಹುದು ಎಂದು ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟ್‌ನಲ್ಲಿ ಹೇಳಿದೆ.

ಶೋಕಿ ಕಾರಿಗೆ ಇನ್ನೊಂದು ತೊಂದರೆ ಇದೆ. ಅದು ಓಡೋದಕ್ಕಿಂತ ನಿಂತಿರೋದೇ ಜಾಸ್ತಿ. ಎಥೆನಾಲ್ ಗಾಳಿಯ ತೇವ ಹೀರುತ್ತೆ. ಮಲೆನಾಡಿನ ಮಳೆಗಾಲದಲ್ಲಿ ಮೂರು ತಿಂಗಳು ಶೆಡ್ಡಿನಲ್ಲೇ ನಿಂತರೆ ಟ್ಯಾಂಕ್ ಒಳಗೆ ತುಕ್ಕು ಹಿಡಿಯಬಹುದು, ಹಳೇ ಪೈಪು ಸೀಳು ಬಿಡಬಹುದು. ಪೆಟ್ರೋಲ್ ಪೈಪು ಸೀಳಿ ಬಿಸಿ ಎಂಜಿನ್ ಮೇಲೆ ಸೋರಿದ್ರೆ ಬೆಂಕಿಯ ಅಪಾಯ. ಹಾಗಾಗಿ ಹಳೇ ಕಾರು ತಂದ ತಕ್ಷಣ ಮ್ಯೂಸಿಕ್ ಸಿಸ್ಟಮ್‌ಗಿಂತ ಮೊದಲು ಪೆಟ್ರೋಲ್ ಪೈಪು, ಕ್ಲಿಪ್ಪು, ಫಿಲ್ಟರ್ ಬದಲಾಯಿಸಿ. ವಾರಕ್ಕೊಮ್ಮೆ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ.

ಕೊಳ್ಳುವಾಗ ಏನು ನೋಡಬೇಕು?

ಎಂಜಿನ್ ಸದ್ದು ಕೇಳೋಕೆ ಮೊದಲು ಕಾಗದ ಕೇಳಿ. ಆರ್‌ಸಿ ಅವಧಿ ಇದೆಯಾ? ಬ್ಯಾಂಕ್ ಸಾಲ ತೆಗೆದುಹಾಕಿದ್ದು ನಮೂದಾಗಿದೆಯಾ? ಚಾಸಿ ನಂಬರ್, ಎಂಜಿನ್ ನಂಬರ್ ಗಾಡಿ ಮೇಲೆ ಇರೋದೂ ಆರ್‌ಸಿಯಲ್ಲಿ ಇರೋದೂ ಒಂದೇನಾ? ಎಂಜಿನ್ ಬದಲಾಯಿಸಿದ, ಬಾಡಿ ಕತ್ತರಿಸಿದ ಕಾರಾದರೆ ಹುಷಾರು. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಸ್ಪಷ್ಟವಾಗಿ ಹೇಳಿದೆ. ಎಫ್‌ಸಿಗೆ ಹೋದಾಗ ಅಲ್ಲೇ ಸಿಕ್ಕಿಬೀಳುತ್ತೆ.

ಮಾರುವವರಿಗೂ ಒಂದು ಮಾತು. ಸಹಿ ಹಾಕಿದ ಫಾರಂ ಕೊಟ್ಟು ದುಡ್ಡು ಎಣಿಸ್ಕೊಂಡ್ರೆ ಕೆಲಸ ಮುಗೀಲಿಲ್ಲ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತವಾದ್ರೆ ಪರಿಹಾರದ ಹೊಣೆ ಅವರದೇ ಎಂದು 2018ರ ಸುಪ್ರೀಂ ಕೋರ್ಟ್ ತೀರ್ಪು ಇದೆ. ಹೆಸರು ವರ್ಗಾವಣೆ ಆಗುವ ತನಕ ಬೆನ್ನು ಬಿಡಬೇಡಿ.

ಕಾಗದ ಸರಿ ಇದ್ರೆ ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ. ನೀಲಿ ಹೊಗೆ ಬಂದರೆ ಆಯಿಲ್ ಸುಡ್ತಿದೆ, ರಿಂಗ್ ಅಥವಾ ವಾಲ್ವ್ ಸೀಲ್ ಹೋಗಿದೆ. ಬಿಳಿ ಹೊಗೆ ನಿಲ್ಲದೆ ಬರ್ತಾ ಇದ್ದು, ಆಯಿಲ್ ಮುಚ್ಚಳದಲ್ಲಿ ಮಜ್ಜಿಗೆಯಂಥ ನೊರೆ ಕಂಡರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ಮ್ಯಾಟ್ ಎತ್ತಿ ಫ್ಲೋರ್ ನೋಡಿ, ಮುಂದಿನ ಶಾಕ್ ಅಬ್ಸಾರ್ಬರ್ ಕೂರುವ ಜಾಗ ನೋಡಿ. ಎಂಜಿನ್ ರಿಪೇರಿಯಾಗುತ್ತೆ. ಒಳಗಿಂದ ತಿಂದುಹೋದ ತಗಡಿಗೆ ಮೇಲೆ ಪುಟ್ಟಿ ಮೆತ್ತಿ ಪೇಂಟ್ ಹೊಡೆದಿದ್ರೆ ಅಂಥ ಕಾರು ಬೇಡವೇ ಬೇಡ.

ನಡುವೆ ಒಂದು ದಾರಿ ಬೇಕು

ಕಾನೂನಿನಲ್ಲಿ ಈಗ 50 ವರ್ಷ ದಾಟಿ ಮೂಲ ರೂಪದಲ್ಲೇ ಇರುವ ಗಾಡಿಗೆ ಮಾತ್ರ ವಿಂಟೇಜ್ ಮಾನ್ಯತೆ ಇದೆ. 2021ರ ನಿಯಮದಂತೆ ಅದಕ್ಕೆ ‘ವಿಎ’ ಅಕ್ಷರದ ಪ್ರತ್ಯೇಕ ನಂಬರ್, 10 ವರ್ಷದ ನೋಂದಣಿ. ಪ್ರದರ್ಶನ, ರ್‍ಯಾಲಿ, ರಿಪೇರಿಗೆ ಬಿಟ್ಟರೆ ದಿನನಿತ್ಯ ಓಡಿಸುವಂತಿಲ್ಲ. 20ರಿಂದ 50 ವರ್ಷದ ನಡುವಿನ ಕಾರಿಗೆ, ಎಷ್ಟೇ ಚೆನ್ನಾಗಿ ಇಟ್ಟಿದ್ದರೂ, ಅಂಥ ಯಾವ ಗುರುತೂ ಇಲ್ಲ. ಜರ್ಮನಿಯಲ್ಲಿ 30 ವರ್ಷ ದಾಟಿ ಮೂಲ ರೂಪ ಉಳಿಸಿಕೊಂಡ ಕಾರಿಗೆ ಪ್ರತ್ಯೇಕ ನಂಬರ್ ಕೊಡುತ್ತಾರೆ.

ಹೊಗೆ ಉಗುಳುವ ಗಾಡಿ ರಸ್ತೆಯಿಂದ ಹೋಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ವಯಸ್ಸು ನೋಡಿ ಶುಲ್ಕ ಹಾಕೋದಕ್ಕಿಂತ ಹೊಗೆ, ಬ್ರೇಕು, ಚಾಸಿ ನೋಡಿ ಪಾಸು-ಫೇಲು ಮಾಡೋದು ನ್ಯಾಯ. ವರ್ಷಕ್ಕೆ ಎರಡು ಸಾವಿರ ಕಿಲೋಮೀಟರ್ ಓಡುವ, ಎಮಿಷನ್ ಟೆಸ್ಟ್ ಪಾಸಾಗುವ ಎಸ್ಟೀಮ್‌ನಿಂದ ಊರಿಗೆ ಆಗೋ ನಷ್ಟ ಕಮ್ಮಿ. ಅದನ್ನು ನಂಬಿ ನಾಲ್ಕು ಅಂಗಡಿಯ ಶಟರ್ ಬೆಳಗ್ಗೆ ಏಳುತ್ತೆ.

ಸದ್ಯಕ್ಕೆ ಹಳೇ ಕಾರು ಇಟ್ಟುಕೊಂಡವರು ಇವತ್ತೇ ಆರ್‌ಸಿ ತೆಗೆದು ಅವಧಿ ಮುಗಿಯುವ ದಿನಾಂಕ ನೋಡಿಕೊಳ್ಳಿ. ಮಳೆಗಾಲಕ್ಕೆ ಮುಂಚೆ ಗಾಡಿ ಅಡಿಭಾಗಕ್ಕೆ ಆಂಟಿ-ರಸ್ಟ್ ಹೊಡೆಸಿ. ಕಾರ್ಬುರೇಟರ್ ಕೆಲಸ ಬಲ್ಲ ಮೇಸ್ತ್ರಿ ನಿಮ್ಮ ಊರಲ್ಲಿದ್ದರೆ ಅವರ ಜೊತೆ ಒಬ್ಬ ಹುಡುಗನನ್ನು ಕಲಿಯೋಕೆ ಬಿಡಿ. ಆ ಕೆಲಸ ಯಾವ ಅಂಗಡಿಯಲ್ಲೂ ಸ್ಟಾಕ್ ಇರಲ್ಲ.