ಇಪ್ಪತ್ತೊಂದು ವರ್ಷ ಕಾದ ಗೆಲುವು

ಮಗಳು ಜಿಲ್ಲಾ ಮಟ್ಟದಲ್ಲಿ ಆಡಿ ತಂದ ಪ್ರಶಸ್ತಿಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ಅಪ್ಪ-ಅಮ್ಮ, ಅದೇ ಮಗಳು ಪಿ.ಯು.ಸಿ. ಮುಗಿಸಿ ‘ನಾನು ಆಟದಲ್ಲೇ ಮುಂದುವರಿಯುತ್ತೇನೆ’ ಎಂದರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ‘ಆಟ ಹೊಟ್ಟೆ ತುಂಬಿಸುತ್ತದೆಯೇ?’ ಎಂಬ ಅವರ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಆಡುವ ವಯಸ್ಸು ಮೂವತ್ತಕ್ಕೋ ಮೂವತ್ತೈದಕ್ಕೋ ಮುಗಿಯುತ್ತದೆ. ಹೊಟ್ಟೆ ಮಾತ್ರ ಆಮೇಲೂ ಕೇಳುತ್ತಲೇ ಇರುತ್ತದೆ.

ಆಡುವುದು ನಿಂತ ಮೇಲೂ ಮೈದಾನ ಬಿಡಬೇಕಾಗಿಲ್ಲದ ಒಂದು ವೃತ್ತಿ ಇದೆ. ಅದು ತರಬೇತುದಾರರ ಕೆಲಸ. ಆದರೆ ಇದು ಜಾಹೀರಾತು ನೋಡಿ, ಅರ್ಜಿ ಹಾಕಿ, ಸಂದರ್ಶನ ಮುಗಿಸಿ ಕೂರುವ ಸಿದ್ಧ ಕುರ್ಚಿಯಲ್ಲ. ಅನೇಕ ವೇಳೆ ಕುರ್ಚಿಯನ್ನೇ ಮೊದಲು ಮಾಡಿಕೊಳ್ಳಬೇಕಾಗುತ್ತದೆ. ಹಾಗೆ ಮಾಡಿಕೊಂಡವರಲ್ಲಿ ಒಬ್ಬರು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಾಫ್ಟ್‌ಬಾಲ್ ಕೋಚ್ ಕೆರೋಲ್ ಹಚಿನ್ಸ್. 1985ರಿಂದ 2022ರವರೆಗೆ, 38 ವರ್ಷ, ಅವರು ಒಂದೇ ತಂಡದ ಮುಖ್ಯ ಕೋಚ್ ಆಗಿದ್ದರು. ಈ ವಾರ ಅವರ ವೃತ್ತಿಜೀವನವನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಮೊದಲು ಆಟದ ಬಗ್ಗೆ ಎರಡು ಮಾತು. ಸಾಫ್ಟ್‌ಬಾಲ್ ನಮ್ಮ ಶಾಲಾ ಕ್ರೀಡಾಕೂಟಗಳಲ್ಲೂ ವಿಶ್ವವಿದ್ಯಾಲಯಗಳ ಪಂದ್ಯಾವಳಿಗಳಲ್ಲೂ ಇದೆ. ಆದರೂ ಹೆಸರು ಕೇಳಿ ಇದು ಮೆತ್ತನೆಯ ಚೆಂಡಿನ ಹಗುರ ಆಟ ಎಂದುಕೊಳ್ಳುವವರೇ ಹೆಚ್ಚು. ಚೆಂಡಿನ ಸುತ್ತಳತೆ 12 ಅಂಗುಲ, ಕ್ರಿಕೆಟ್ ಚೆಂಡಿಗಿಂತ ದೊಡ್ಡದು. ಬಡಿದರೆ ಮೂಳೆ ಮುರಿಯುವಷ್ಟು ಗಟ್ಟಿ. ತಂಡಕ್ಕೆ ಒಂಬತ್ತು ಜನ, ಏಳು ಇನಿಂಗ್ಸ್. ಚೆಂಡೆಸೆಯುವವಳು ತೋಳನ್ನು ಗಾಲಿಯಂತೆ ಒಂದು ಸುತ್ತು ತಿರುಗಿಸಿ, ಸೊಂಟದ ಮಟ್ಟದಿಂದ ಚೆಂಡನ್ನು ಬಿಡುತ್ತಾಳೆ. ಅಮೆರಿಕದ ಕಾಲೇಜು ಆಟದಲ್ಲಿ ಆಕೆಗೂ ಬ್ಯಾಟು ಹಿಡಿದವಳಿಗೂ ನಡುವಿನ ಅಂತರ 43 ಅಡಿ. ಒಳ್ಳೆಯ ಎಸೆತಗಾರ್ತಿಯ ಚೆಂಡು ಗಂಟೆಗೆ ನೂರು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಬರುತ್ತದೆ. ಹೊಡೆಯಬೇಕೋ ಬಿಡಬೇಕೋ ಎಂದು ತೀರ್ಮಾನಿಸಲು ಸಿಗುವುದು ಅರ್ಧ ಸೆಕೆಂಡಿಗೂ ಕಡಿಮೆ ಸಮಯ. 1996ರ ಅಟ್ಲಾಂಟ ಕ್ರೀಡಾಕೂಟದಲ್ಲಿ ಇದು ಮೊದಲ ಬಾರಿಗೆ ಒಲಿಂಪಿಕ್ಸ್ ಪದಕದ ಆಟವಾಯಿತು.

ಹಚಿನ್ಸ್ ಹುಟ್ಟಿದ್ದು 1957ರಲ್ಲಿ, ಮಿಷಿಗನ್ ರಾಜ್ಯದ ಲ್ಯಾನ್ಸಿಂಗ್ ನಗರದಲ್ಲಿ. ಅವರ ಬಾಲ್ಯದಲ್ಲಿ ಅಮೆರಿಕದಲ್ಲೂ ಹುಡುಗಿಯರ ಆಟವೆಂದರೆ ಹೊತ್ತು ಕಳೆಯುವ ಬಾಬತ್ತು. ಕಾಲೇಜುಗಳ ಕ್ರೀಡಾನಿಧಿ, ಮೈದಾನ, ವಿದ್ಯಾರ್ಥಿವೇತನ ಎಲ್ಲವೂ ಬಹುಪಾಲು ಹುಡುಗರ ಪಾಲು. 1972ರ ಜೂನ್ 23ರಂದು ಅಲ್ಲಿ ಒಂದು ಕಾನೂನು ಬಂತು. ಅದನ್ನು ‘ಟೈಟಲ್ ನೈನ್’ ಎನ್ನುತ್ತಾರೆ. ಸರ್ಕಾರದ ಹಣ ಪಡೆಯುವ ಯಾವ ವಿದ್ಯಾಸಂಸ್ಥೆಯೂ ಹೆಣ್ಣು-ಗಂಡು ಎಂಬ ಕಾರಣಕ್ಕೆ ಯಾರನ್ನೂ ದೂರವಿಡುವಂತಿಲ್ಲ ಎಂಬುದು ಅದರ ಸಾರ. ಇಂಗ್ಲಿಷಿನಲ್ಲಿ ಅದರ ಮುಖ್ಯ ವಾಕ್ಯದಲ್ಲಿರುವುದು ಕೇವಲ 37 ಪದಗಳು. ಆಟ ಎಂಬ ಮಾತು ಅದರಲ್ಲಿ ಒಮ್ಮೆಯೂ ಬರುವುದಿಲ್ಲ. ಆದರೂ ಅಮೆರಿಕದ ಹೆಣ್ಣುಮಕ್ಕಳ ಕ್ರೀಡೆಯನ್ನು ಈ ಕಾನೂನಿನಷ್ಟು ಬದಲಾಯಿಸಿದ್ದು ಮತ್ತೊಂದಿಲ್ಲ.

ಕಾನೂನು ಬಂದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲವೆಂಬುದು ನಮಗೂ ಗೊತ್ತು. ಹಚಿನ್ಸ್ ಸೇರಿದ್ದು ತಮ್ಮ ಊರಿನ ಪಕ್ಕದಲ್ಲೇ ಇರುವ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯವನ್ನು. ಅಲ್ಲಿ ಅವರು ಬಾಸ್ಕೆಟ್‌ಬಾಲ್, ಸಾಫ್ಟ್‌ಬಾಲ್ ಎರಡನ್ನೂ ಆಡಿದರು. 1976ರಲ್ಲಿ ಆ ವಿಶ್ವವಿದ್ಯಾಲಯದ ಸಾಫ್ಟ್‌ಬಾಲ್ ತಂಡ ಮಹಿಳೆಯರ ರಾಷ್ಟ್ರೀಯ ಚಾಂಪಿಯನ್ ಆಯಿತು. ಆ ತಂಡದಲ್ಲಿ ಹಚಿನ್ಸ್ ಇದ್ದರು. ಇತ್ತ ಬಾಸ್ಕೆಟ್‌ಬಾಲ್‌ನಲ್ಲಿ ಪುರುಷರ ತಂಡದ ಕಡೆ ಮ್ಯಾಜಿಕ್ ಜಾನ್ಸನ್ ಆಡುತ್ತಿದ್ದ ಕಾಲ. ಆ ತಂಡಕ್ಕೆ ಸಿಗುತ್ತಿದ್ದ ಸವಲತ್ತುಗಳು ಹುಡುಗಿಯರ ತಂಡಕ್ಕೆ ಸಿಗುತ್ತಿರಲಿಲ್ಲ. ಪರಊರಿಗೆ ಹೋದಾಗ ಊಟದ ಭತ್ಯೆ ಕಡಿಮೆ, ಒಂದೇ ಕೋಣೆಯಲ್ಲಿ ಹೆಚ್ಚು ಜನ. ಹುಡುಗಿಯರು ಕೇಳಿದರು, ಪ್ರಯೋಜನವಾಗಲಿಲ್ಲ. ಕೊನೆಗೆ ನ್ಯಾಯಾಲಯದ ಮೆಟ್ಟಿಲೇರಿದರು. ಆ ಮೊಕದ್ದಮೆ ದಾಖಲೆಗಳಲ್ಲಿ ಹಚಿನ್ಸ್ ಹೆಸರಿನಲ್ಲೇ ಇದೆ. 1979ರಲ್ಲಿ ನ್ಯಾಯಾಲಯ ಊಟ, ವಸತಿಯ ವಿಷಯದಲ್ಲಿ ಅವರ ಪರವಾಗಿ ತಾತ್ಕಾಲಿಕ ಆದೇಶ ನೀಡಿತು.

ತಾನು ಓದುತ್ತಿರುವ ವಿಶ್ವವಿದ್ಯಾಲಯದ ಮೇಲೇ ದಾವೆ ಹೂಡುವ ವಿದ್ಯಾರ್ಥಿನಿ! ಯಾವ ಊರಿನ ತಂದೆ-ತಾಯಿಗಾದರೂ ಎದೆ ಧಸಕ್ಕೆನ್ನುವ ಸಂಗತಿ. ಆದರೆ ಆ ದಾವೆ ಊಟದ ಚಿಲ್ಲರೆ ಹಣಕ್ಕಾಗಿ ಮಾತ್ರ ಆಗಿರಲಿಲ್ಲ. ಹುಡುಗಿಯರ ಆಟಕ್ಕೆ ಹಣ ಬಂದರೆ ಪಂದ್ಯಗಳು ಬರುತ್ತವೆ, ಪಂದ್ಯಗಳು ಬಂದರೆ ಅವುಗಳಿಗೆ ಕೋಚ್ ಬೇಕಾಗುತ್ತಾರೆ. ಮುಂದೆ ತಾನು ಕೂರಲಿದ್ದ ಕುರ್ಚಿಯ ಮೊದಲ ಕಾಲನ್ನು ಆಕೆ ಕೂರಿಸಿದ್ದು ಅಲ್ಲಿ ಎನ್ನಬಹುದು.

ಮುಂದೆ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ, ಒಂದು ಸಣ್ಣ ಕಾಲೇಜಿನಲ್ಲಿ ಅಲ್ಪಕಾಲದ ಕೋಚ್ ಕೆಲಸ. 1983ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಹಾಯಕ ಕೋಚ್. ತಾವು ಓದಿದ ಮಿಷಿಗನ್ ಸ್ಟೇಟ್‌ನ ಹಳೆಯ ಎದುರಾಳಿ ಅದು. 1985ರಲ್ಲಿ ಮುಖ್ಯ ಕೋಚ್. ಪುರುಷರ ಕಾಲೇಜು ಕ್ರೀಡೆಯನ್ನು ನಡೆಸುತ್ತಿದ್ದ ಎನ್.ಸಿ.ಎ.ಎ. ಎಂಬ ರಾಷ್ಟ್ರೀಯ ಸಂಸ್ಥೆ ಮಹಿಳಾ ಸಾಫ್ಟ್‌ಬಾಲ್ ಚಾಂಪಿಯನ್‌ಷಿಪ್ ಶುರು ಮಾಡಿದ್ದೇ 1982ರಲ್ಲಿ ಎಂಬುದನ್ನು ನೆನಪಿಟ್ಟರೆ, ಈ ಹುದ್ದೆ ಆಗ ಎಷ್ಟು ಹೊಸದು ಎಂಬುದು ತಿಳಿಯುತ್ತದೆ.

ಇನ್ನು ಕೋಚ್ ಮಾಡುವ ಕೆಲಸವೇನು? ಸೀಟಿ ಊದುವುದು, ಕೂಗಾಡುವುದು ಎಂದು ಭಾವಿಸಿದರೆ ಅದು ಕೆಲಸದ ಹತ್ತನೆಯ ಒಂದು ಪಾಲೂ ಅಲ್ಲ. ಮೊದಲನೆಯದು ಆಟಗಾರ್ತಿಯರನ್ನು ಹುಡುಕುವುದು. ಹೈಸ್ಕೂಲು ಪಂದ್ಯಗಳಿಗೆ ಹೋಗಿ ಕುಳಿತು ನೋಡಬೇಕು, ಹುಡುಗಿಯ ಮನೆಗೆ ಹೋಗಿ ತಂದೆ-ತಾಯಿಯನ್ನು ಒಪ್ಪಿಸಬೇಕು. ಎನ್.ಸಿ.ಎ.ಎ.ಯ ಅಗ್ರ ವಿಭಾಗದಲ್ಲಿ ಸಾಫ್ಟ್‌ಬಾಲ್ ತಂಡಕ್ಕೆ ಹಲವು ವರ್ಷ ಇದ್ದ ಮಿತಿ 12 ಪೂರ್ಣ ವಿದ್ಯಾರ್ಥಿವೇತನಗಳು. ತಂಡದಲ್ಲಿ ಇಪ್ಪತ್ತು ಹುಡುಗಿಯರಿದ್ದರೆ ಆ ಹನ್ನೆರಡನ್ನೇ ಒಡೆದು ಹಂಚಬೇಕು. ಯಾರಿಗೆ ಅರ್ಧ, ಯಾರಿಗೆ ಕಾಲು ಎಂಬ ಲೆಕ್ಕ ಕೂಡಿಸುವವರು ಕೋಚ್. ಆಟದ ತಿಂಗಳುಗಳಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ಕಡ್ಡಾಯ ಅಭ್ಯಾಸ ಮಾಡಿಸುವಂತಿಲ್ಲ ಎಂಬ ನಿಯಮವಿದೆ. ಪರೀಕ್ಷೆಯಲ್ಲಿ ಹಿಂದೆ ಬಿದ್ದರೆ ಆಡುವ ಅರ್ಹತೆ ಹೋಗುತ್ತದೆ. ಹಾಗಾಗಿ ಬ್ಯಾಟಿನ ಜೊತೆಗೆ ಅಂಕಪಟ್ಟಿಯ ಮೇಲೂ ಕೋಚ್ ಕಣ್ಣಿಡಬೇಕು. ಪ್ರಯಾಣ, ಬಜೆಟ್ಟು, ಗಾಯ, ಅಳು, ಮನೆಯ ನೆನಪು ಎಲ್ಲವೂ ಅವರ ಮೇಜಿಗೇ ಬರುತ್ತವೆ.

ಮಿಷಿಗನ್‌ನಲ್ಲಿ ಇದೆಲ್ಲದರ ಮೇಲೆ ಇನ್ನೊಂದು ಕಷ್ಟ, ಹಿಮ. ಕಾಲೇಜು ಸಾಫ್ಟ್‌ಬಾಲ್ ಋತು ಶುರುವಾಗುವುದು ಫೆಬ್ರವರಿಯಲ್ಲಿ. ಆಗ ಆ ರಾಜ್ಯದ ಮೈದಾನಗಳು ಹಿಮದಡಿ ಮಲಗಿರುತ್ತವೆ. ತಂಡ ಚಾವಣಿಯ ಕೆಳಗೆ ಅಭ್ಯಾಸ ಮಾಡಿ, ಮೊದಲ ಪಂದ್ಯಗಳಿಗೆ ದಕ್ಷಿಣದ ಬೆಚ್ಚನೆಯ ರಾಜ್ಯಗಳಿಗೆ ಹೋಗಬೇಕು. ಕ್ಯಾಲಿಫೋರ್ನಿಯ, ಆರಿಜೋನದ ಹುಡುಗಿಯರಿಗೆ ಚಳಿಗಾಲದಲ್ಲೂ ಬಿಸಿಲು. ಗೆಲುವಿನ ಪಟ್ಟಿಯೂ ಹಾಗೆಯೇ ಇತ್ತು. 1982ರಿಂದ 2004ರವರೆಗೆ ಮಿಸಿಸಿಪಿ ನದಿಯ ಪೂರ್ವದ ಯಾವ ವಿಶ್ವವಿದ್ಯಾಲಯವೂ ಎನ್.ಸಿ.ಎ.ಎ. ಕಪ್ ಎತ್ತಿರಲಿಲ್ಲ. ಹಿಮದ ನಾಡಿನವರಿಗೆ ಇದು ಆಗಿಬರುವ ಆಟವಲ್ಲ ಎಂದು ಹೇಳುವುದು ಸುಲಭವಾಗಿತ್ತು.

ಹಚಿನ್ಸ್ ಲೆಕ್ಕ ಬೇರೆ ಇತ್ತು. ಅವರ ಹಾದಿಯ ಮೈಲಿಗಲ್ಲುಗಳನ್ನು ವಿದ್ಯಾರ್ಥಿಗಳು ಗಮನಿಸಬೇಕು. ‘ಬಿಗ್ ಟೆನ್’ ಎಂಬ ಪ್ರಾದೇಶಿಕ ಲೀಗಿನಲ್ಲಿ ಮೊದಲ ಪ್ರಶಸ್ತಿ 1992ರಲ್ಲಿ. ಅದು ಅವರ ಎಂಟನೆಯ ವರ್ಷ. ಎಂಟು ತಂಡಗಳು ಸೆಣಸುವ ರಾಷ್ಟ್ರೀಯ ಅಂತಿಮ ಸುತ್ತಿಗೆ ಮೊದಲ ಪ್ರವೇಶ 1995ರಲ್ಲಿ, ಹನ್ನೊಂದನೆಯ ವರ್ಷ. ಆಮೇಲೆ 1996, 1997, 1998, 2001, 2002, 2004. ಹೀಗೆ ಏಳು ಬಾರಿ ಹೋದರು, ಏಳು ಬಾರಿಯೂ ಬರಿಗೈಯಲ್ಲಿ ಬಂದರು. 2005ರ ಜೂನ್‌ನಲ್ಲಿ, ಒಕ್ಲಹಾಮ ಸಿಟಿಯಲ್ಲಿ, ಆಟದ ಹಳೆಯ ಹುಲಿ ಯು.ಸಿ.ಎಲ್.ಎ. ಎದುರು ಮೂರು ಪಂದ್ಯಗಳ ಫೈನಲ್. ಮೊದಲ ಪಂದ್ಯ ಸೋಲು, ಎರಡನೆಯದು ಗೆಲುವು. ಮೂರನೆಯದು ಏಳು ಇನಿಂಗ್ಸ್‌ನಲ್ಲಿ ಇತ್ಯರ್ಥವಾಗದೆ ಹತ್ತನೆಯದಕ್ಕೆ ಹೋಯಿತು. ಆಗ ಮೊದಲ ವರ್ಷದ ವಿದ್ಯಾರ್ಥಿನಿ ಸಮಾಂಥ ಫಿಂಡ್ಲೆ ಚೆಂಡನ್ನು ಬೇಲಿಯಾಚೆ ಹೊಡೆದಳು. ಒಂದೇ ಹೊಡೆತಕ್ಕೆ ಮೂರು ರನ್. ಮಿಷಿಗನ್ 4-1ರಿಂದ ಗೆದ್ದಿತು. ಹಚಿನ್ಸ್ ಮುಖ್ಯ ಕೋಚ್ ಆಗಿ ಇಪ್ಪತ್ತೊಂದನೆಯ ವರ್ಷ. ಆ ಹೊಡೆತ ಹೊಡೆದ ಹುಡುಗಿ ಹುಟ್ಟುವ ಮೊದಲೇ ಕೋಚ್ ಕೆಲಸ ಶುರುವಾಗಿತ್ತು!

ಸಿನಿಮಾ ಆಗಿದ್ದರೆ ಕಥೆ ಇಲ್ಲಿಗೆ ಮುಗಿಯಬೇಕು. ವೃತ್ತಿ ಹಾಗೆ ಮುಗಿಯುವುದಿಲ್ಲ. ಮರುದಿನ ಮತ್ತೆ ಹೊಸ ಹುಡುಗಿಯರ ಹುಡುಕಾಟ. ಹಚಿನ್ಸ್ ಇನ್ನೂ ಹದಿನೇಳು ಋತು ದುಡಿದರು. 2015ರಲ್ಲಿ ಮತ್ತೆ ಫೈನಲ್ ತಲುಪಿ, ಮೂರನೆಯ ಪಂದ್ಯದಲ್ಲಿ ಫ್ಲಾರಿಡ ಎದುರು ಸೋತರು. ಎರಡನೆಯ ರಾಷ್ಟ್ರೀಯ ಕಪ್ ಬರಲೇ ಇಲ್ಲ. 38 ವರ್ಷಕ್ಕೆ ಒಂದೇ ಕಪ್.

ಆದರೂ 2022ರಲ್ಲಿ ನಿವೃತ್ತರಾದಾಗ ಅವರ ಹೆಸರಿನಲ್ಲಿ 1,707 ಗೆಲುವುಗಳಿದ್ದವು. ಆ ಹೊತ್ತಿಗೆ ಎನ್.ಸಿ.ಎ.ಎ. ಸಾಫ್ಟ್‌ಬಾಲ್‌ನಲ್ಲಿ ಅಷ್ಟು ಗೆಲುವು ಕಂಡ ಕೋಚ್ ಬೇರೊಬ್ಬರಿರಲಿಲ್ಲ. ಬಿಗ್ ಟೆನ್ ಲೀಗ್ ಪ್ರಶಸ್ತಿ 22 ಬಾರಿ. 38 ವರ್ಷಗಳಲ್ಲಿ ಒಂದು ವರ್ಷವೂ ಸೋಲು ಗೆಲುವನ್ನು ಮೀರಲಿಲ್ಲ. ಅಪ್ಪ-ಅಮ್ಮಂದಿರು ಗಮನಿಸಬೇಕಾದದ್ದು ಈ ಕೊನೆಯ ಅಂಶವನ್ನು. ಕಪ್ ಒಂದು ರಾತ್ರಿಯ ಮಾತು. ಪ್ರತಿ ವರ್ಷವೂ ಸೋಲಿಗಿಂತ ಒಂದಾದರೂ ಗೆಲುವು ಹೆಚ್ಚಿರುವಂತೆ ನೋಡಿಕೊಳ್ಳುವುದು ಉದ್ಯೋಗ. ಅವರ ಜಾಗಕ್ಕೆ ಬಂದವರು ಬಾನಿ ಥಾಲ್. ಅವರು ಅದೇ ತಂಡದ ಹಳೆಯ ಆಟಗಾರ್ತಿ, ಹಚಿನ್ಸ್ ಅವರ ಬಹುಕಾಲದ ಸಹಾಯಕಿ. ಮಾಡಿದ ಕುರ್ಚಿಯನ್ನು ಶಿಷ್ಯೆಗೆ ಬಿಟ್ಟುಕೊಟ್ಟು ಎದ್ದರು.

ಈ ಕಥೆಗೆ ಇನ್ನೊಂದು ಮಗ್ಗುಲಿದೆ. 1972ರಲ್ಲಿ ಅಮೆರಿಕದ ಕಾಲೇಜುಗಳ ಮಹಿಳಾ ತಂಡಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ತಂಡಗಳಿಗೆ ಮಹಿಳೆಯರೇ ಕೋಚ್ ಆಗಿದ್ದರು. ಸಂಬಳ ಇಲ್ಲದ, ಇದ್ದರೂ ಲೆಕ್ಕಕ್ಕಿಲ್ಲದ ಕಾಲ ಅದು. ಕಾನೂನು ಬಂದು ಸಂಬಳ ಏರಿದಂತೆ ಆ ಹುದ್ದೆಗಳಿಗೆ ಗಂಡಸರೂ ಬಂದರು. ಈಗ ಮಹಿಳಾ ಕೋಚ್‌ಗಳ ಪಾಲು ಅರ್ಧಕ್ಕಿಂತ ಕಡಿಮೆ. ಕೆಲಸಕ್ಕೆ ಬೆಲೆ ಬಂದ ಕೂಡಲೇ ಅದನ್ನು ಹೊತ್ತು ನಡೆಸಿದವರು ಹಿಂದೆ ಸರಿಯಬೇಕಾಗಿ ಬರುವುದು ಅಮೆರಿಕದ ಕಥೆ ಮಾತ್ರವಲ್ಲ. ಇಂದು ಅಲ್ಲಿನ ಅಗ್ರ ಸಾಫ್ಟ್‌ಬಾಲ್ ಕೋಚ್ ಒಬ್ಬರ ವಾರ್ಷಿಕ ಸಂಬಳ ಹತ್ತು ಲಕ್ಷ ಡಾಲರ್ ದಾಟಿದೆ. ಅಂಥವರು ಬೆರಳೆಣಿಕೆಯಷ್ಟು ಜನ. ಸಣ್ಣ ಕಾಲೇಜುಗಳ ಕೋಚ್‌ಗಳಿಗೆ ಈ ಸಂಖ್ಯೆ ಕನಸಿನ ಮಾತು.

ನಮ್ಮ ಮಕ್ಕಳಿಗೆ ಇದರಿಂದ ಏನು? ನಮ್ಮ ಕಾಲೇಜುಗಳಲ್ಲಿ ಆಟಕ್ಕೊಬ್ಬ ಕೋಚ್ ಇರುವುದು ಅಪರೂಪ. ಒಬ್ಬ ದೈಹಿಕ ಶಿಕ್ಷಣ ನಿರ್ದೇಶಕರೇ ಕಬಡ್ಡಿಯಿಂದ ಸಾಫ್ಟ್‌ಬಾಲ್‌ವರೆಗೆ ಎಲ್ಲವನ್ನೂ ನೋಡಿಕೊಳ್ಳುತ್ತಾರೆ. ಆ ಹುದ್ದೆಗೆ ಹೋಗಬೇಕೆನ್ನುವವರಿಗೆ ಪದವಿಯ ನಂತರ ಬಿ.ಪಿ.ಎಡ್., ಎಂ.ಪಿ.ಎಡ್., ಆಮೇಲೆ ಅರ್ಹತಾ ಪರೀಕ್ಷೆಯ ದಾರಿ. ಒಂದೇ ಆಟದ ಕೋಚ್ ಆಗಬೇಕೆನ್ನುವವರಿಗೆ 1961ರಲ್ಲಿ ಪಟಿಯಾಲದಲ್ಲಿ ಶುರುವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮ ಇದೆ. ಆಡುವವರ ಬಾಯಲ್ಲಿ ಅದು ‘ಎನ್.ಐ.ಎಸ್.’. ಬೆಂಗಳೂರಿನಲ್ಲೂ ಅದರ ಕೇಂದ್ರವಿದೆ. ಯಾವ ವರ್ಷ ಯಾವ ಆಟಕ್ಕೆ ಪ್ರವೇಶ ಎಂಬುದನ್ನು ಆಯಾ ವರ್ಷದ ಪ್ರಕಟಣೆ ನೋಡಿ ಖಚಿತ ಮಾಡಿಕೊಳ್ಳಿ. ಆಡುತ್ತಿರುವಾಗಲೇ ಕಿರಿಯರಿಗೆ ಹೇಳಿಕೊಡುವ ಅಭ್ಯಾಸ ಶುರು ಮಾಡಿ. ಚೆನ್ನಾಗಿ ಆಡುವವರೆಲ್ಲ ಚೆನ್ನಾಗಿ ಕಲಿಸಲಾರರು. ಅದು ಬೇರೆಯೇ ವಿದ್ಯೆ.

ತಂದೆ-ತಾಯಿಯರಿಗೆ ಒಂದು ಮಾತು. ಕಾಲೇಜಿಗೆ ಸೇರಿಸುವಾಗ ಫಲಿತಾಂಶ ಎಷ್ಟು ಶೇಕಡ, ಹಾಸ್ಟೆಲ್ ಹೇಗಿದೆ ಎಂದು ವಿಚಾರಿಸುತ್ತೀರಿ. ಜೊತೆಗೆ ಇದನ್ನೂ ಕೇಳಿ. ಹುಡುಗಿಯರ ತಂಡಕ್ಕೆ ಮೈದಾನ ಎಷ್ಟು ಹೊತ್ತು ಸಿಗುತ್ತದೆ? ಪರಊರಿಗೆ ಹೋದಾಗ ಅವರ ಊಟದ ಭತ್ಯೆ ಹುಡುಗರಷ್ಟೇ ಇದೆಯೇ? ಅವರಿಗೆ ಹೇಳಿಕೊಡುವವರು ಯಾರು? ಪ್ರಶ್ನೆ ಸಣ್ಣದು ಎನಿಸಬಹುದು. ಮಿಷಿಗನ್ ಸ್ಟೇಟ್‌ನ ಹುಡುಗಿಯರು ಕೇಳಿದ್ದೂ ಊಟದ ಲೆಕ್ಕವನ್ನೇ.