ವಿಮಾನದ ವೇಗ ಕೇಳ್ತೀರಿ, ಓಡಿಸುವವರ ಕಲಿಕೆಯನ್ನೂ ಕೇಳಿ

2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರ ನಡೆದ ಮೇಲೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಟೀ ಅಂಗಡಿಗಳಲ್ಲೂ ಯುದ್ಧವಿಮಾನದ ಮಾತು ಶುರುವಾಯಿತು. ರಫೇಲ್ ಮೇಲೋ, ಚೀನಾದ ಜೆ-10 ಮೇಲೋ? ಯಾವುದರ ವೇಗ ಜಾಸ್ತಿ, ಯಾವುದು ಚೆನ್ನಾಗಿ ಪಲ್ಟಿ ಹೊಡೆಯುತ್ತೆ? ಮೊಬೈಲ್ ಹಿಡಿದು ವಾದ ಮಾಡುವ ಹುಡುಗರಿಗೆ ನಾವು ಒಂದು ಹಳೆಯ ಕಥೆ ಹೇಳಬೇಕು. ಕಥೆ ನಮ್ಮ ಕರ್ನಾಟಕದ್ದೇ.

1965ರ ಸೆಪ್ಟೆಂಬರ್ 7. ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ನಮ್ಮ ಮಿಸ್ಟೀರ್ ವಿಮಾನಗಳು ದಾಳಿ ಮಾಡಿದವು. ಒಂದರಲ್ಲಿ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಇದ್ದರು. ಅವರ ಮೇಲೆ ಬಿದ್ದದ್ದು ಅಮೆರಿಕದಲ್ಲಿ ತಯಾರಾದ ಎಫ್-104 ಸ್ಟಾರ್‌ಫೈಟರ್. ಅದರ ವೇಗ ಶಬ್ದದ ಎರಡು ಪಟ್ಟು. ಫ್ರಾನ್ಸಿನ ಮಿಸ್ಟೀರ್ ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ದಾಟದು.

ಕಾಗದದ ಮೇಲೆ ಇದು ಜೋಡಿಯೇ ಅಲ್ಲ. ಆದರೂ ದೇವಯ್ಯ ಸ್ಟಾರ್‌ಫೈಟರನ್ನು ಹೊಡೆದು ಕೆಡವಿದರು. ಅದರ ಪೈಲಟ್ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿದರು. ದೇವಯ್ಯ ಮರಳಲಿಲ್ಲ. ಏನಾಯಿತೆಂದು ನಮ್ಮ ಕಡೆಯವರಿಗೆ ವರ್ಷಗಟ್ಟಲೆ ತಿಳಿಯಲಿಲ್ಲ. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಬರೆದ ಪುಸ್ತಕದಿಂದ ಸಂಗತಿ ಹೊರಬಂತು. 1988ರಲ್ಲಿ ಮರಣೋತ್ತರ ಮಹಾವೀರ ಚಕ್ರ ಬಂತು. 2025ರ ಹಿಂದಿ ಸಿನಿಮಾ 'ಸ್ಕೈ ಫೋರ್ಸ್'ಗೆ ಇವರ ಕಥೆಯೇ ಆಧಾರ.

ಇದು ಹೇಗೆ ಸಾಧ್ಯವಾಯಿತು? ಶಿರಾ ಹೈವೇಯಲ್ಲಿ ದೊಡ್ಡ ಬೈಕಿನ ಮುಂದೆ ಟಿವಿಎಸ್ ಎಕ್ಸೆಲ್ ಲೆಕ್ಕಕ್ಕಿಲ್ಲ. ಅದೇ ಬೈಕು ಕೊರಟಗೆರೆಯ ಅಡಿಕೆ ತೋಟದ ಬದುವಿನ ಮೇಲೆ ಬಂದರೆ, ದಾರಿ ಗೊತ್ತಿರುವ ಎಕ್ಸೆಲ್ ಸವಾರನೇ ಮುಂದೆ. ಸ್ಟಾರ್‌ಫೈಟರಿನ ರೆಕ್ಕೆ ಗಿಡ್ಡ. ನೇರ ಓಟಕ್ಕೆ ಮಾಡಿದ್ದು, ಬೇಗ ತಿರುಗದು. ಅದು ಕೆಳಗಿಳಿದು, ವೇಗ ತಗ್ಗಿಸಿ, ಸುತ್ತು ಹಾಕುವ ಕಾದಾಟಕ್ಕೆ ಸಿಕ್ಕಿದಾಗ ಅದರ ಬಲವೇ ಹೋಯಿತು. ಮಿಸ್ಟೀರ್ ತಿರುಗಬಲ್ಲದು, ನಿಜ. ಆದರೆ ಆ ಗಳಿಗೆಯನ್ನು ಗುರುತಿಸಿ ಗುರಿಯಿಡಲು ಪಳಗಿದ ಕೈ ಬೇಕು. ದೇವಯ್ಯ ಯುದ್ಧಕ್ಕೆ ಮೊದಲು ವಿಮಾನ ಹಾರಿಸುವುದನ್ನು ಕಲಿಸುತ್ತಿದ್ದ ಮೇಷ್ಟರು.

ಅಮೆರಿಕದವರೂ ಈ ಪಾಠ ಕಲಿತರು. ವಿಯೆಟ್ನಾಮಿನಲ್ಲಿ ಹಳೆಯ ಮಿಗ್‌ಗಳು ಅವರ ಹೊಸ ಫ್ಯಾಂಟಮ್‌ಗಳನ್ನು ಕಾಡಿದಾಗ, ಅವರ ನೌಕಾಪಡೆ 1969ರಲ್ಲಿ ಕಾದಾಟ ಕಲಿಸುವ ಶಾಲೆ ತೆರೆಯಿತು. ಆಮೇಲೆ ಅದೇ ಫ್ಯಾಂಟಮ್‌ಗಳ ಫಲಿತಾಂಶ ಸುಧಾರಿಸಿತು. ನಮ್ಮ ವಾಯುಪಡೆಯೂ 1971ರಲ್ಲಿ ಅಂಥದೇ ಘಟಕ ಕಟ್ಟಿತು. ಈಗ ಅದು ಗ್ವಾಲಿಯರ್‌ನಲ್ಲಿದೆ.

'ಈಗ ನೂರಾರು ಕಿಲೋಮೀಟರ್ ದೂರದಿಂದ ಕ್ಷಿಪಣಿ ಬರುತ್ತೆ, ಪೈಲಟ್ ಏನು ಮಾಡ್ತಾನೆ?' ಎಂದು ಕೇಳುವವರಿದ್ದಾರೆ. ಕೆಟ್ಟ ಯಂತ್ರ ಕೊಟ್ಟು ಒಳ್ಳೆಯ ಪೈಲಟ್‌ನನ್ನು ಸಾಯಿಸಿ ಎಂದು ನಾವೂ ಹೇಳುತ್ತಿಲ್ಲ. ಆದರೆ ರೇಡಾರ್ ಯಾವಾಗ ಹಚ್ಚಬೇಕು, ಯಾವಾಗ ಹೊಡೆಯಬೇಕು, ಯಾವಾಗ ಹಿಂದಿರುಗಬೇಕು ಎಂಬ ತೀರ್ಮಾನ ಈಗಲೂ ಮನುಷ್ಯನದೇ. ಅದಕ್ಕೆ ಕಲಿಕೆ ಇನ್ನೂ ಹೆಚ್ಚು ಬೇಕು.

ಆದ್ದರಿಂದ ಎಷ್ಟು ವಿಮಾನ ಕೊಂಡರು ಎಂದಷ್ಟೇ ಕೇಳಿದರೆ ಸಾಲದು. 2023ರ ಮಾರ್ಚಿನಲ್ಲಿ ಸರ್ಕಾರ ಬೆಂಗಳೂರಿನ ಎಚ್‌ಎಎಲ್ ಜೊತೆ 70 ಎಚ್‌ಟಿಟಿ-40 ತರಬೇತಿ ವಿಮಾನಗಳಿಗೆ ಒಪ್ಪಂದ ಮಾಡಿಕೊಂಡಿತು. ಅವು ಯಾವಾಗ ಕೈಸೇರುತ್ತವೆ, ಬೀದರ್‌ನಲ್ಲಿ ಕಲಿಯುವ ಹುಡುಗರಿಗೆ ಸಾಕಷ್ಟು ಗಂಟೆ ಹಾರಾಟ ಸಿಗುತ್ತಿದೆಯೇ? ವಾಟ್ಸಾಪ್‌ನಲ್ಲಿ ಈ ಪ್ರಶ್ನೆಗಳೂ ಓಡಾಡಲಿ.

ನಮ್ಮದೇ ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ 2023ರಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಯಂತ್ರ ಪಕ್ಕದಲ್ಲೇ ತಯಾರಾಗುವಾಗ ಹಾರಿಸುವವರೂ ನಮ್ಮ ಊರುಗಳಿಂದ ಹೋಗಬಾರದೇ? ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ ಓದುವವರು ಎನ್‌ಡಿಎ ಪರೀಕ್ಷೆ ಬರೆಯಬಹುದು. 2022ರಿಂದ ಹೆಣ್ಣುಮಕ್ಕಳೂ ಅಲ್ಲಿ ಸೇರುತ್ತಿದ್ದಾರೆ. ಪಾವಗಡ, ಮಧುಗಿರಿಯ ಕಾಲೇಜುಗಳ ಮೇಷ್ಟ್ರುಗಳು ಇದನ್ನು ಕ್ಲಾಸಿನಲ್ಲಿ ಒಮ್ಮೆ ಹೇಳಿದರೆ ಸಾಕು, ಕೇಳಿಸಿಕೊಳ್ಳುವ ಮಕ್ಕಳು ಇದ್ದೇ ಇರುತ್ತಾರೆ.