ಅಜ್ಜಿಯ ಕಥೆಗೊಂದು ಮೈಕು

ಮಕ್ಕಳೇ, ಅಂಗಿಗುಂಡಿಯಷ್ಟೇ ಇರುವ ಕಂಡೆನ್ಸರ್ ಮೈಕಿನೊಳಗೆ ತೆಳುವಾದ ಪೊರೆ, ಅದರ ಹಿಂದೆ ಲೋಹದ ತಟ್ಟೆ ಇರುತ್ತವೆ. ಮಾತಿಗೆ ಪೊರೆ ನಡುಗುತ್ತದೆ. ನಡುವಿನ ಸಂದು ಹಿಗ್ಗಿ ಕುಗ್ಗಿ ದನಿ ವಿದ್ಯುತ್ತಾಗುತ್ತದೆ. ಈ ಬಗೆಯ ಮೈಕನ್ನು 1962ರಲ್ಲಿ ಅಮೆರಿಕದಲ್ಲಿ ರೂಪಿಸಿದವರು ಜೇಮ್ಸ್ ವೆಸ್ಟ್ ಮತ್ತು ಗೆರ್ಹಾರ್ಡ್ ಸೆಸ್ಲರ್.

ಆ ವಿದ್ಯುತ್ತೋ ತೀರಾ ಅಲ್ಪ! ನಮ್ಮ ನೆರೆಮನೆಯ ಅಜ್ಜಿಗೆ ಈಗ ದನಿ ಏಳದು, ಆದರೂ ಸಂಜೆಯ ಕಥೆ ಬಿಟ್ಟಿಲ್ಲ. ಜಗಲಿಯ ತುದಿಯ ಮಕ್ಕಳಿಗೆ ಕೇಳಲೆಂದು ಒಂದೇ ಟ್ರಾನ್ಸಿಸ್ಟರಿನ ಆಂಪ್ಲಿಫೈಯರ್ ಕಟ್ಟಿದೆ. 9 ವೋಲ್ಟ್ ಬ್ಯಾಟರಿಯನ್ನು ಮೈಕಿಗೆ ನೇರ ಕೊಡಬಾರದು. 10 ಕಿಲೋಓಮ್ ರೆಸಿಸ್ಟರ್ ಮೂಲಕ ಕೊಡಬೇಕು. ಇಲ್ಲದಿದ್ದರೆ ದನಿಯೇ ಹೊರಬರದು. ಮುಂದೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಬ್ಯಾಟರಿಯ ವೋಲ್ಟೇಜನ್ನು ತಡೆದು, ದನಿಯನ್ನಷ್ಟೇ ಟ್ರಾನ್ಸಿಸ್ಟರಿಗೆ ದಾಟಿಸುತ್ತದೆ. ಅಲ್ಲಿಂದ ಕಂಪ್ಯೂಟರಿನ ಸ್ಪೀಕರಿಗೆ. ಸ್ಪೀಕರನ್ನು ದೂರವೇ ಇಡಿ; ಅಜ್ಜಿಯ ಪಕ್ಕದಲ್ಲಿಟ್ಟರೆ ಕಥೆಯ ಬದಲು ಕುಂಯ್ ಎಂಬ ಕೂಗು ಕೇಳೀತು!